ಹೂಂ ಮಾವನ ಮೌಖಿಕ ಪರೀಕ್ಷೆ

ನನ್ನ ಸೋದರಮಾವನನ್ನು ನಾವು ಮಕ್ಕಳೆಲ್ಲ ಹೂಂ ಮಾವ ಎಂದೇ ಕರೆಯುತ್ತಿದ್ದೆವು. ಊಟ ಬೇಕಾ ಎಂದರೆ ಹೂಂ, ಬೇಡವಾ ಎಂದರೂ ಹೂಂ. ಎರಡಕ್ಕೂ ಇರುವ ವ್ಯತ್ಯಾಸ ಗೊತ್ತಾಗುತ್ತಿದ್ದದ್ದು ಅಜ್ಜಿಗೆ ಮಾತ್ರ. ಒಪ್ಪಿಗೆಯ ಹೂಂ, ಅನುಮಾನದ ಹೂಂ, ‘ನನ್ನ ಪಾಡಿಗೆ ನನ್ನ ಬಿಡಿ’ ಎನ್ನುವ ಹೂಂ, ಹೀಗೆ ಅದರಲ್ಲಿ ನಾನಾ ಬಗೆ ಇವೆಯಂತೆ. ನನ್ನ ಅಮ್ಮ, ಅಂದರೆ ಅವನ ಅಕ್ಕ, ಒಬ್ಬಳೇ ಇಬ್ಬರ ಮಾತು ಆಡುವವಳು. ‘ಮನೆಗಿದ್ದ ಮಾತನ್ನೆಲ್ಲ ನಾನೇ ಬಳಿದುಬಿಟ್ಟೆ, ಅವನು ಹುಟ್ಟೋ ಹೊತ್ತಿಗೆ ಪಾತ್ರೆ ಖಾಲಿ’ ಎಂದು ಅವಳೇ ನಗುತ್ತಿದ್ದಳು.

ಇಂಥವನು ಓದಲು ಆರಿಸಿಕೊಂಡದ್ದು ಭೌತಶಾಸ್ತ್ರ. ಅದರಲ್ಲೂ ಗಾಳಿ, ಮೋಡ, ಮಂಜು, ಮಳೆ. ಇವು ಯಾವುವೂ ಎದುರು ಮಾತಾಡುವುದಿಲ್ಲವಲ್ಲ, ಅದಕ್ಕೇ ಇರಬೇಕು ಎಂದು ನನ್ನ ಅಪ್ಪನ ಊಹೆ. ಆಗ ನಮ್ಮ ಪ್ರಾಂತದ ಸರಕಾರಕ್ಕೆ ಹೊಸ ಹುರುಪು ಬಂದಿತ್ತು. ವಿಶ್ವವಿದ್ಯಾಲಯದಲ್ಲಿ ವಿಜ್ಞಾನವನ್ನು ನಮ್ಮ ಭಾಷೆಯಲ್ಲೇ ಕಲಿಸಬೇಕು ಎಂದು ತೀರ್ಮಾನವಾಯಿತು. ಹೊಸ ಪುಸ್ತಕ ಬಂದವು, ಹೊಸ ಪದ ಬಂದವು, ಮೇಷ್ಟ್ರುಗಳು ಎದೆಯುಬ್ಬಿಸಿ ಪಾಠ ಮಾಡಿದರು. ಮಾವ ಮೊದಲ ದರ್ಜೆಯಲ್ಲಿ ಎಂ.ಎಸ್‌ಸಿ. ಮುಗಿಸಿದ. ಆ ಓದಿಗೆ ಒಪ್ಪುವ ಕೆಲಸ ಇದ್ದದ್ದು ಹವಾಮಾನ ಇಲಾಖೆಯಲ್ಲಿ. ಅದು ಕೇಂದ್ರ ಸರಕಾರದ್ದು. ಅವರ ನಿಯಮ ಏನೆಂದರೆ, ಲಿಖಿತ ಪರೀಕ್ಷೆಯನ್ನು ಯಾವ ಭಾಷೆಯಲ್ಲಾದರೂ ಬರೆಯಬಹುದು, ಮೌಖಿಕ ಮಾತ್ರ ರಾಷ್ಟ್ರಭಾಷೆಯಲ್ಲೇ ಆಗಬೇಕು. ಓದಿಸಿದ ಸರಕಾರ ಒಂದು, ಕೆಲಸ ಕೊಡುವ ಸರಕಾರ ಇನ್ನೊಂದು. ಮಕ್ಕಳ ಮದುವೆ ಮಾಡಿ ಮಾತು ಬಿಟ್ಟ ಬೀಗರ ಹಾಗೆ ಎರಡೂ ಒಂದೊಂದು ದಿಕ್ಕಿಗೆ ಮುಖ ಮಾಡಿ ಕೂತಿದ್ದವು.

ರಾಷ್ಟ್ರಭಾಷೆಯನ್ನು ಮಾವ ಶಾಲೆಯಲ್ಲಿ ಕಲಿತಿದ್ದನೇನೋ ನಿಜ. ಆದರೆ ನಮ್ಮೂರಲ್ಲಿ ಅದನ್ನು ಆಡುವವರೇ ಇರಲಿಲ್ಲ. ರೇಡಿಯೋ ಆಡುತ್ತಿತ್ತು, ಅಂಚೆ ಕಚೇರಿಯ ಬೋರ್ಡು ಆಡುತ್ತಿತ್ತು, ಅಷ್ಟೆ. ಅದರ ದೊಡ್ಡ ಕಾಟವೆಂದರೆ ಲಿಂಗ. ಜೀವವಿಲ್ಲದ ವಸ್ತುವೂ ಅಲ್ಲಿ ಗಂಡಾಗಿರಬೇಕು, ಇಲ್ಲವೇ ಹೆಣ್ಣಾಗಿರಬೇಕು. ನಾವು ‘ಮೋಡ ಬಂತು, ಮಳೆ ನಿಂತಿತು’ ಎಂದು ನೆಮ್ಮದಿಯಾಗಿರುವ ಜನ. ಅಲ್ಲಿ ಮೋಡ ಬಂದನು, ಮಳೆ ನಿಂತಳು.

ಮೊದಲ ಮೌಖಿಕಕ್ಕೆ ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದ. ಉದ್ದನೆಯ ಮೇಜು, ಅದರಾಚೆ ಮೂವರು. ಗಾಳಿ ಹೇಗೆ ಹುಟ್ಟುತ್ತದೆ ಎಂದು ಕೇಳಿದರು. ಇವನಿಗೆ ಅದು ಬೆರಳ ತುದಿಯಲ್ಲಿದ್ದ ವಿಷಯ. ಆದರೆ ಬಾಯಿ ತೆರೆದದ್ದೇ ‘ಗಾಳಿ ಬಂದನು’ ಎಂದ. ಒಬ್ಬರು ‘ಬಂದಳು’ ಎಂದು ತಿದ್ದಿದರು. ಆ ಗಾಬರಿಯಲ್ಲಿ ಮುಂದಿನ ಹತ್ತು ನಿಮಿಷ ಅಧ್ಯಕ್ಷೆಯನ್ನು ಗಂಡಸೆಂದೂ ಅವರ ತಲೆಯ ಮೇಲೆ ತಿರುಗುತ್ತಿದ್ದ ಫ್ಯಾನನ್ನು ಹೆಂಗಸೆಂದೂ ಗೌರವಿಸಿ ಹೊರಗೆ ಬಂದ.

ಫೇಲಾದ ಸುದ್ದಿ ಬಂದ ದಿನ ಅಜ್ಜಿ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದಳು.

“ಗಾಳಿ ಹೆಣ್ಣೇನೋ ಅವರಲ್ಲಿ?”

“ಹೂಂ.”

“ಬಿರುಗಾಳಿ?”

“ಅದು ಗಂಡು.”

ಅಜ್ಜಿ ಸ್ವಲ್ಪ ಯೋಚಿಸಿದಳು. “ತಣ್ಣಗೆ ಬೀಸಿದ್ರೆ ಹೆಣ್ಣು, ಮನೆ ಛಾವಣಿ ಹಾರಿಸಿದ್ರೆ ಗಂಡು. ಸರಿಯಾಗೇ ಇದೆ ಬಿಡು. ನಿಮ್ಮಪ್ಪನ್ನ ನೋಡಿದ ಯಾರೋ ಮಾಡಿರೋ ವ್ಯಾಕರಣ ಅದು.”

ಅಂದಿನಿಂದ ಮಾವನಿಗಿಂತ ಅಜ್ಜಿಗೇ ರಾಷ್ಟ್ರಭಾಷೆಯ ಹುಚ್ಚು ಹಿಡಿಯಿತು. ಸೌಟು ಏನು, ತಟ್ಟೆ ಏನು ಎಂದು ಕೇಳುವಳು. ಮಂಚ ಗಂಡು, ಅದರ ಕಾಲು ಮಾತ್ರ ಹೆಣ್ಣು ಎಂದು ತಿಳಿದ ದಿನ, “ನಾಲ್ಕು ಜನ ಹೆಂಗಸರ ಮೇಲೆ ಮಲಗಿದಾನೆ ನೋಡು, ನಾಚಿಕೆ ಇಲ್ದೋನು” ಎಂದು ಮಂಚದ ಮೇಲೆ ಕೂರುವುದನ್ನೇ ಬಿಟ್ಟಳು.

ಇಲಾಖೆಯವರು ಮತ್ತೆ ಅರ್ಜಿ ಕರೆಯುವವರೆಗೆ ಸುಮ್ಮನೆ ಕೂರುವುದು ಹೇಗೆ? ಮಾವ ಬಸ್ ನಿಲ್ದಾಣದ ಎದುರಿನ ಪೀಠೋಪಕರಣಗಳ ಅಂಗಡಿಗೆ ಸೇರಿದ. ಅಂಗಡಿ ಯಜಮಾನರಿಗೆ ಇವನ ಪದವಿಯ ಬಗ್ಗೆ ಕುತೂಹಲವೇನೂ ಇರಲಿಲ್ಲ. ಮಾತಾಡದ ಹುಡುಗ ಎಂಬುದೊಂದೇ ಅಳುಕು. ಆದರೆ ಆದದ್ದೇ ಬೇರೆ. ಗಿರಾಕಿ ಬಂದು “ಈ ಕಪಾಟು ಗಟ್ಟಿ ಇದೆಯೇನ್ರಿ?” ಎಂದರೆ ಮಾವ “ಹೂಂ” ಎನ್ನುವನು. “ಗೆದ್ದಲು ಹಿಡಿಯಲ್ಲ ತಾನೆ?” ಎಂದರೆ ಸ್ವಲ್ಪ ಹೊತ್ತು ಯೋಚಿಸಿ “ಹೂಂ” ಎನ್ನುವನು. ಆ ಯೋಚನೆಯನ್ನು ನೋಡಿಯೇ ಗಿರಾಕಿಗೆ ನಂಬಿಕೆ ಹುಟ್ಟುತ್ತಿತ್ತು. ಪಟಪಟ ಮಾತಾಡುವ ಹಳೆಯ ಮಾರಾಟಗಾರನಿಗಿಂತ ಇವನೇ ಹೆಚ್ಚು ಮಾರಿದ. “ನಿನ್ನ ಬಾಯಿಗೆ ಬೀಗ ಇರೋವರೆಗೂ ನನ್ನ ಅಂಗಡಿಗೆ ಲಕ್ಷಣ” ಎಂದು ಯಜಮಾನರು ಹೊಗಳುತ್ತಿದ್ದರು. ಮೌಖಿಕ ಪರೀಕ್ಷೆಗೆ ಸಿದ್ಧನಾಗುತ್ತಿರುವವನಿಗೆ ಇದು ಎಂಥ ಹೊಗಳಿಕೆ ಎಂದು ಅಮ್ಮ ತಲೆ ಚಚ್ಚಿಕೊಂಡಳು. ಅವಳೇ ಅವನ ಕೈ ಹಿಡಿದು ಎಳೆದುಕೊಂಡು ಹೋಗಿ ರಾಷ್ಟ್ರಭಾಷೆಯ ಸಂಜೆ ತರಗತಿಗೆ ಸೇರಿಸಿದಳು.

ಆ ತರಗತಿ ನಡೆಯುತ್ತಿದ್ದದ್ದು ಒಂದು ಟೈಲರ್ ಅಂಗಡಿಯ ಮಹಡಿಯಲ್ಲಿ. ಕೆಳಗಿನ ಹೊಲಿಗೆ ಯಂತ್ರಗಳ ಸದ್ದಿಗೆ ಇಲ್ಲಿಯ ಬೆಂಚುಗಳು ನಡುಗುತ್ತಿದ್ದವು. ಪಾಠ ಹೇಳುವ ಟೀಚರ್ ಮಾವನಿಗಿಂತ ಒಂದೆರಡು ವರ್ಷ ಚಿಕ್ಕವರು. ರಾಷ್ಟ್ರಭಾಷಾ ಸಾಹಿತ್ಯದಲ್ಲಿ ಎಂ.ಎ., ವಿಶ್ವವಿದ್ಯಾಲಯಕ್ಕೆ ಎರಡನೇ ಸ್ಥಾನ. ‘ಈ ಭಾಷೆ ಕಲಿತವರಿಗೆ ಕೆಲಸ ತಪ್ಪಿದ್ದಲ್ಲ’ ಎಂದು ಅವರ ತಂದೆಗೆ ಯಾರೋ ಹೇಳಿದ್ದರಂತೆ. ಆ ಯಾರೋ ಊರಿನ ಎಲ್ಲ ತಂದೆಯರಿಗೂ ಅದನ್ನೇ ಹೇಳಿದ್ದರಿಂದ ಬೀದಿಗೊಬ್ಬರು ರಾಷ್ಟ್ರಭಾಷೆಯ ಎಂ.ಎ. ಆಗಿದ್ದರು. ಎಲ್ಲಿ ಅರ್ಜಿ ಹಾಕಿದರೂ ‘ಭಾಷೆ ಸರಿ, ಜೊತೆಗೆ ಇನ್ನೇನು ಗೊತ್ತು?’ ಎನ್ನುತ್ತಿದ್ದರು. ಟೀಚರಿಂದ ಪಾಠ ಹೇಳಿಸಿಕೊಂಡವರು ರೈಲ್ವೆಗೆ ಹೋದರು, ಅರಣ್ಯ ಇಲಾಖೆಗೆ ಹೋದರು, ಒಬ್ಬನಂತೂ ಬಂದರಿನ ಸುಂಕದ ಅಧಿಕಾರಿಯೇ ಆದ. ಟೀಚರ್ ಮಾತ್ರ ನಡುಗುವ ಬೆಂಚುಗಳ ಮುಂದೆಯೇ ಉಳಿದಿದ್ದರು.

ಮೊದಲ ಪಾಠದಲ್ಲಿ ಅವರು ಮಾವನಿಗೆ, “ಇವತ್ತು ಏನೇನು ಮಾಡಿದ್ರಿ, ರಾಷ್ಟ್ರಭಾಷೆಯಲ್ಲಿ ಹೇಳಿ ನೋಡೋಣ” ಎಂದರು.

“ಹೂಂ,” ಎಂದ ಮಾವ.

“ಇದು ರಾಷ್ಟ್ರಭಾಷೇನೂ ಅಲ್ಲ, ಉತ್ತರಾನೂ ಅಲ್ಲ. ಒಂದು ವಾಕ್ಯ ಹೇಳಿ.”

ಮಾವ ಕಿಟಕಿಯತ್ತ ನೋಡಿದ. ಹೊರಗೆ ಮೋಡ ಕಟ್ಟಿತ್ತು. ತಡವರಿಸುತ್ತ ಆ ಮೋಡದ ಬಗ್ಗೆ ಹೇಳಿದ. ಅದರ ತಳ ಏಕೆ ಚಪ್ಪಟೆಯಾಗಿದೆ, ತಲೆ ಏಕೆ ಉಬ್ಬಿದೆ ಎಂದ. ಮೋಡ ಆ ಒಂದು ವಾಕ್ಯದೊಳಗೆ ಮೂರು ಸಲ ಲಿಂಗ ಬದಲಿಸಿತು. ಟೀಚರ್ ತಿದ್ದಲು ಬಾಯಿ ತೆರೆದವರು ಹಾಗೇ ಎದ್ದು ಕಿಟಕಿಯ ಬಳಿ ಹೋಗಿ ಮೋಡ ನೋಡಿದರು. ತಳ ನಿಜಕ್ಕೂ ಚಪ್ಪಟೆಯಾಗಿತ್ತು. ಅಲ್ಲಿಯವರೆಗೆ ಕವಿಗಳ ಮೋಡಗಳನ್ನಷ್ಟೇ ಬಲ್ಲ ಅವರು ಆಕಾಶದ ಮೋಡವನ್ನು ಅಂದು ಮೊದಲ ಸಲ ಗಮನಿಸಿದರಂತೆ.

ಆ ವರ್ಷವೆಲ್ಲ ಕಲಿತು ಮಾವ ಎರಡನೇ ಸಲ ಮೌಖಿಕಕ್ಕೆ ಹೋದ. ಈ ಸಲ ಒಂದೇ ಒಂದು ಲಿಂಗ ತಪ್ಪಲಿಲ್ಲ. ಆದರೆ ಪ್ರತಿ ಪದವನ್ನೂ ಬಾಯಿಂದ ಹೊರಗೆ ಬಿಡುವ ಮೊದಲು ಒಳಗೇ ನಿಲ್ಲಿಸಿ, ನೀನು ಗಂಡೋ ಹೆಣ್ಣೋ ಎಂದು ವಿಚಾರಿಸಿ ಕಳಿಸುತ್ತಿದ್ದ. ಸಮಯ ಮುಗಿಯಿತು ಎಂದು ಗಂಟೆ ಬಾರಿಸಿದಾಗ ಅವನು ಮೊದಲ ಪ್ರಶ್ನೆಯ ಉತ್ತರದ ನಡುವಿನಲ್ಲಿದ್ದ.

ಮಾವ ಮತ್ತೆ ಅಂಗಡಿಗೆ ಹೋದ. ಟೀಚರಿಗೆ ಇದು ತನ್ನದೇ ಸೋಲು ಎನಿಸಿರಬೇಕು. ಪುಸ್ತಕದ ಕಪಾಟು ಬೇಕೆಂಬ ನೆಪ ಮಾಡಿಕೊಂಡು ಒಂದು ಮಧ್ಯಾಹ್ನ ಅಂಗಡಿಗೆ ಬಂದರು. ಕಪಾಟುಗಳ ಬಾಗಿಲು ತೆಗೆದು ಹಾಕಿ, ತೆಗೆದು ಹಾಕಿ, ಕೊನೆಗೆ ನಮ್ಮ ಭಾಷೆಯಲ್ಲೇ ಕೇಳಿದರು.

“ನೋಡಿ, ನನಗೆ ಸುತ್ತಿ ಬಳಸಿ ಮಾತಾಡೋಕೆ ಬರಲ್ಲ. ನಿಮ್ಮನ್ನ ಮದುವೆ ಆಗೋಣ ಅಂತ ನಾನು ಅಂದುಕೊಂಡಿದೀನಿ. ನಿಮಗೆ ಒಪ್ಪಿಗೇನಾ?”

ಮಾವ ಗೆದ್ದಲಿನ ಪ್ರಶ್ನೆಗೆ ಯೋಚಿಸುವಷ್ಟೂ ಯೋಚಿಸಲಿಲ್ಲ. “ಹೂಂ,” ಎಂದ.

ಅಂಗಡಿ ಯಜಮಾನರು ಆಚೆ ಸೋಫಾದ ಹಿಂದೆ ಇದ್ದರು. ಸುದ್ದಿ ಮಾವನಿಗಿಂತ ಮೊದಲು ಮನೆ ಸೇರಿತು. ಅಜ್ಜಿ ಮಗನನ್ನು ಬಾಗಿಲಲ್ಲೇ ತಡೆದಳು.

“ಆ ಹುಡುಗಿ ಅಷ್ಟು ಮಾತಾಡಿದ್ಲಂತೆ. ನೀನು ಬರೀ ಹೂಂ ಅಂದ್ಯಾ?”

“ಹೂಂ.”

“ಜನ್ಮದಲ್ಲಿ ಒಂದ್ಸಲ ಬರೋ ಮಾತಿಗೂ ಅದೇನಾ? ‘ಸಂತೋಷ’ ಅನ್ಬಾರ್ದಾಗಿತ್ತಾ? ಪಾಪ, ಯಾವ ಹೂಂ ಅಂತ ತಿಳ್ಕೊಂಡ್ಲೋ ಏನೋ!”

ಸರಿಯಾದ ಹೂಂ ಎಂದೇ ತಿಳಿದುಕೊಂಡಿದ್ದರು. ಮದುವೆಯಾಯಿತು. ಟೀಚರ್ ನಮಗೆ ಅತ್ತೆಯಾದರು. ಮಾವ ಮಾತ್ರ ಹೆಂಡತಿಯನ್ನು ಟೀಚರ್ ಎಂದೇ ಕರೆಯುತ್ತಿದ್ದ. “ಟೀಚರ್, ಟವೆಲ್ ಕೊಡಿ” ಎಂದು ಬಚ್ಚಲಿನಿಂದ ಕೂಗಿದಾಗಲೆಲ್ಲ ನಮ್ಮಮ್ಮನಿಗೆ ನಗು ತಡೆಯಲಾಗುತ್ತಿರಲಿಲ್ಲ.

ವರ್ಷ ತುಂಬುವುದರೊಳಗೆ ಹವಾಮಾನ ಇಲಾಖೆಯವರು ಮತ್ತೆ ಅರ್ಜಿ ಕರೆದರು. ಈ ಸಲ ಕರೆದದ್ದು ಭಾಷಾ ಸಹಾಯಕರ ಹುದ್ದೆಗೆ. ರಾಜಧಾನಿಯಿಂದ ಬರುವ ವರದಿಗಳನ್ನು ನಮ್ಮ ಭಾಷೆಗೆ, ಇಲ್ಲಿಯದನ್ನು ಅಲ್ಲಿಯ ಭಾಷೆಗೆ ತಿರುಗಿಸುವ ಕೆಲಸ. ಅತ್ತೆ ಹೋದರು, ಮೌಖಿಕದಲ್ಲಿ ಮೂವರನ್ನೂ ನಗಿಸಿದರು, ಕೆಲಸ ಹಿಡಿದು ಬಂದರು. ಗಾಳಿಯನ್ನು ಓದಿದ ಗಂಡ ಮಂಚ ಮಾರುವುದು, ಕಾವ್ಯ ಓದಿದ ಹೆಂಡತಿ ಹವಾಮಾನ ಇಲಾಖೆಗೆ ಹೋಗುವುದು! ಮನೆಯವರೆಲ್ಲ ಸಿಹಿ ತಿನ್ನುತ್ತಲೇ ಮಾವನ ಮುಖವನ್ನು ಕದ್ದು ನೋಡಿದೆವು. ಅವನು ತಿಂದು, ಕೈ ತೊಳೆದು, ಮಹಡಿಗೆ ಹೋಗಿ ಒಬ್ಬನೇ ಆಕಾಶ ನೋಡುತ್ತ ನಿಂತ. ನನಗಾಗ ಹನ್ನೆರಡು ವರ್ಷವಿರಬೇಕು. ಮೇಲೆ ಹೋಗಿ “ಬೇಜಾರಾಯ್ತಾ ಮಾವ?” ಎಂದೆ. ಅಂದಿನ ಹೂಂ ಯಾವ ಬಗೆಯದೆಂದು ನನಗೂ ತಿಳಿಯಿತು.

ಅತ್ತೆ ಮೊದಲ ದಿನದ ಕೆಲಸ ಮುಗಿಸಿ ಬಂದವರು ಚಪ್ಪಲಿ ಬಿಡುವ ಮೊದಲೇ ಕೇಳಿದರು. “ರೀ, ವಾಯುಭಾರ ಕುಸಿತ ಅಂದ್ರೇನು? ರಾಷ್ಟ್ರಭಾಷೆಯಲ್ಲಿ ಅದರ ಲಿಂಗ ಗೊತ್ತು, ವಚನ ಗೊತ್ತು, ವಿಭಕ್ತಿ ಗೊತ್ತು. ಅದೇನು ಅಂತ ಮಾತ್ರ ಗೊತ್ತಿಲ್ಲ.”

“ಕುಸಿಯೋಕೆ ಅದೇನು ಗೋಡೆನಾ?” ಎಂದಳು ಅಜ್ಜಿ.

ಮಾವ ಎದ್ದ. ಅಜ್ಜಿಯ ಹೊಲಿಗೆ ಡಬ್ಬಿಯಿಂದ ದಾರದ ತುಂಡೊಂದನ್ನು ತಂದು ಉರಿಯುವ ಒಲೆಯ ಮೇಲೆ, ಬೆಂಕಿ ತಾಗದಷ್ಟು ಎತ್ತರಕ್ಕೆ ಹಿಡಿದ. ದಾರ ಮೇಲಕ್ಕೆ ನಲಿಯಿತು. “ನೋಡಿ ಟೀಚರ್, ಬಿಸಿಯಾದ ಗಾಳಿ ಹಗುರಾಗಿ ಮೇಲೆ ಹೋಗುತ್ತೆ. ಆಗ ಕೆಳಗೆ ಭಾರ ಕಮ್ಮಿ ಆಯ್ತು. ಆ ಜಾಗಕ್ಕೆ ಸುತ್ತಲಿನ ಗಾಳಿ ನುಗ್ಗಿ ಬರುತ್ತೆ, ಖಾಲಿ ಸೀಟು ಕಂಡ ಪ್ರಯಾಣಿಕರ ಹಾಗೆ. ಇದೇ ಕೆಲಸ ಸಮುದ್ರದ ಮೇಲೆ ನೂರಾರು ಮೈಲಿ ಅಗಲಕ್ಕೆ ನಡೀತು ಅನ್ನಿ...” ಎಂದು ಶುರು ಮಾಡಿದವನು ಅನ್ನ ಸೀಯುವವರೆಗೆ ನಿಲ್ಲಿಸಲಿಲ್ಲ. ಅಜ್ಜಿ ಸೌಟು ಹಿಡಿದುಕೊಂಡು ಬೆರಗಾಗಿ ನಿಂತಿದ್ದಳು. ಸೀದ ಅನ್ನಕ್ಕೆ ಬೈಯುವುದನ್ನೂ ಮರೆತಿದ್ದಳು.

ಆಮೇಲೆ ಅದೇ ರೂಢಿಯಾಯಿತು. ಸಂಜೆ ಅತ್ತೆ ಒಂದು ಹೊಸ ಪದ ತರುವರು, ಮಾವ ಅಡುಗೆಮನೆಯ ಏನಾದರೊಂದನ್ನು ಹಿಡಿದು ಅದನ್ನು ಬಿಡಿಸಿ ಹೇಳುವನು. ಮಾವನ ಹಿಂದಿನ ಮೌನಕ್ಕೆ ಕಾರಣ ನಾಚಿಕೆಯಲ್ಲ, ಅವನಿಗೆ ಇಷ್ಟವಾದದ್ದನ್ನು ಅವನ ಭಾಷೆಯಲ್ಲಿ ಯಾರೂ ಕೇಳಿರಲಿಲ್ಲ ಎಂದು ಅಮ್ಮ ತೀರ್ಪು ಕೊಟ್ಟಳು. ಇಷ್ಟು ವರ್ಷ ತಾನೂ ಕೇಳಿರಲಿಲ್ಲ ಎಂಬುದನ್ನು ಮಾತ್ರ ಜಾಣತನದಿಂದ ಬಿಟ್ಟಳು.

ಹೀಗೆ ಕೆಲವು ವರ್ಷ ಕಳೆದವು. ಪದವೀಧರರು ಅಲ್ಲಲ್ಲಿ ಗಲಾಟೆ ಮಾಡಿದರು, ಪತ್ರಿಕೆಗಳು ಬರೆದವು, ಚುನಾವಣೆಯೂ ಬಂತು. ಹೊಸ ಮಂತ್ರಿಗಳು ಹೊಸ ಆದೇಶ ಹೊರಡಿಸಿದರು. ಇನ್ನು ಮೇಲೆ ಮೌಖಿಕವನ್ನು ಅಭ್ಯರ್ಥಿ ತನ್ನ ಭಾಷೆಯಲ್ಲೇ ಎದುರಿಸಬಹುದು. ಹಳೆಯ ನಿಯಮದಿಂದ ಕೆಲಸ ತಪ್ಪಿದವರಿಗೆ ವಯಸ್ಸಿನಲ್ಲೂ ರಿಯಾಯಿತಿ ಉಂಟು. ಮಾವ ಆಗಲೇ ಅಂಗಡಿಯಲ್ಲಿ ಪಾಲುದಾರನಾಗಿದ್ದ. ಕಿವಿಯ ಬಳಿ ಕೂದಲು ನರೆತಿತ್ತು. “ಇನ್ನೇಕೆ ಬಿಡಿ” ಎಂದ.

“ಇಷ್ಟು ವರ್ಷ ನಾನು ಬಿಟ್ಟಿ ಪಾಠ ಹೇಳಿಸಿಕೊಂಡಿದೀನಿ. ನೀವು ಹೋಗದಿದ್ರೆ ನಾಳೆಯಿಂದ ಅಡುಗೆಮನೆಯಲ್ಲಿ ಹವಾಮಾನ ಬಂದ್,” ಎಂದರು ಅತ್ತೆ. ಮಾವ ಅಂದೇ ಅರ್ಜಿ ಹಾಕಿದ.

ಆದೇಶ ಹೊರಡಿಸಿದವರು ಒಂದು ಸಣ್ಣ ವಿಷಯ ಮರೆತಿದ್ದರು. ಅಭ್ಯರ್ಥಿ ತನ್ನ ಭಾಷೆಯಲ್ಲಿ ಹೇಳಿದರೆ ರಾಜಧಾನಿಯಿಂದ ಬಂದವರಿಗೆ ಅರ್ಥವಾಗುವುದು ಹೇಗೆ? ಇಲಾಖೆಯ ಭಾಷಾ ಸಹಾಯಕರು ಪಕ್ಕದಲ್ಲಿ ಕೂತು ಅನುವಾದಿಸಬೇಕು ಎಂದಾಯಿತು. ನಮ್ಮೂರ ಕಚೇರಿಯಲ್ಲಿ ಇದ್ದದ್ದು ಒಬ್ಬರೇ ಭಾಷಾ ಸಹಾಯಕರು.

ಮುಂದಿನದನ್ನು ಅತ್ತೆಯೇ ನಮಗೆ ಅಭಿನಯಿಸಿ ತೋರಿಸಿದ್ದು. ಮಾವ ಒಳಗೆ ಬಂದ ಕೂಡಲೇ ಅವರು ಎದ್ದು ನಿಂತು, “ಸರ್, ಇವರು ನನ್ನ ಯಜಮಾನರು. ನಾನು ಅನುವಾದ ಮಾಡೋದು ಸರಿ ಹೋಗಲ್ಲ” ಎಂದರಂತೆ. ಅಧ್ಯಕ್ಷರು ಕನ್ನಡಕದ ಮೇಲಿಂದ ಇಬ್ಬರನ್ನೂ ನೋಡಿದರು. ಬೇರೆ ಊರಿಂದ ಇನ್ನೊಬ್ಬರನ್ನು ಕರೆಸಬೇಕೆಂದರೆ ಮೌಖಿಕವೇ ಮುಂದಕ್ಕೆ ಹೋಗುತ್ತಿತ್ತು. ಸಮಿತಿಯಲ್ಲಿದ್ದ ನಮ್ಮೂರಿನ ಪ್ರೊಫೆಸರಿಗೆ ಎರಡೂ ಭಾಷೆ ಬರುತ್ತಿದ್ದವು. ಒಂದಕ್ಷರ ಆಚೀಚೆಯಾದರೂ ಅವರು ತಡೆಯಬೇಕು ಎಂದು ಗೊತ್ತುಮಾಡಿ ಅಧ್ಯಕ್ಷರು ಮುಂದುವರಿಸಿದರು.

“ಹಾಗಾದರೆ ಇವರ ಮಾತು ನಿಮಗೆ ಚೆನ್ನಾಗಿ ಅರ್ಥವಾಗುತ್ತೆ ಅನ್ನಿ.”

“ಮಾತಾಡಿದ್ರೆ ತಾನೆ ಸರ್, ಅರ್ಥ ಆಗೋದು!”

ಗಂಡನ ಪಕ್ಷ ವಹಿಸಿದಳೆಂಬ ಮಾತು ಬರಬಾರದೆಂದು ಅತ್ತೆ ಎಷ್ಟು ಕಟ್ಟುನಿಟ್ಟಾದರೆಂದರೆ, ಮಾವ ಗಂಟಲು ಸರಿಮಾಡಿಕೊಂಡರೆ ‘ಅಭ್ಯರ್ಥಿ ಗಂಟಲು ಸರಿಮಾಡಿಕೊಂಡರು’ ಎಂದೂ ಅನುವಾದಿಸಿದರು. ‘ಶುರು ಮಾಡೋಣವೆ?’ ಎಂಬ ಪ್ರಶ್ನೆಗೆ ಮಾವ ಹೂಂ ಎಂದಾಗ, “ಇದಕ್ಕೆ ಸರಿಯಾದ ಪದ ನಿಮ್ಮ ಭಾಷೆಯಲ್ಲಿಲ್ಲ ಸರ್. ಒಪ್ಪಿಗೆ ಅಂತ ಇಟ್ಟುಕೊಳ್ಳಿ” ಎಂದರು. ಪ್ರೊಫೆಸರು ನಗು ತಡೆಯಲು ಕಿಟಕಿಯಾಚೆ ನೋಡಿದರು.

ಆಮೇಲೆ ನಿಜವಾದ ಪ್ರಶ್ನೆ ಬಂತು. ಮೋಡವಿಲ್ಲದ ರಾತ್ರಿ ಕಳೆದ ಬೆಳಿಗ್ಗೆಯೇ ಹೆಚ್ಚು ಮಂಜು ಏಕೆ?

ಮಾವ ಮೇಜಿನ ಕಡೆ ನೋಡಲಿಲ್ಲ, ಹೆಂಡತಿಯ ಕಡೆ ತಿರುಗಿದ. “ನೋಡಿ ಟೀಚರ್,” ಎಂದು ಶುರು ಮಾಡಿದ. ಮೋಡ ಇದ್ದರೆ ಅದು ನೆಲಕ್ಕೆ ಹೊದಿಕೆ ಇದ್ದ ಹಾಗೆ, ಕಾವು ಆಚೆ ಹೋಗುವುದಿಲ್ಲ. ಹೊದಿಕೆ ಕಿತ್ತ ರಾತ್ರಿ ನೆಲ ತಣ್ಣಗಾಗುತ್ತದೆ, ನೆಲ ತಾಗಿದ ಗಾಳಿಯೂ ತಣ್ಣಗಾಗುತ್ತದೆ, ತಣ್ಣಗಾದ ಗಾಳಿಗೆ ಅಷ್ಟೂ ಆವಿಯನ್ನು ಹೊರಲಾಗುವುದಿಲ್ಲ. ಅಲ್ಲಿಂದ ಹೊಳೆಯ ಮೇಲಿನ ಮಂಜಿಗೆ ಹೋದ, ಅಲ್ಲಿಂದ ವಿಮಾನ ನಿಲ್ದಾಣಕ್ಕೆ ಮಂಜಿನ ಮುನ್ಸೂಚನೆ ಕೊಡುವುದಕ್ಕೆ ಹೋದ. ಅತ್ತೆಗೆ ಇದೆಲ್ಲ ಅಡುಗೆಮನೆಯಲ್ಲಿ ಕೇಳಿದ ವಿಷಯ. ಅವನ ಮಾತು ಮುಗಿಯುವ ಹೊತ್ತಿಗೆ ಇವರ ಅನುವಾದವೂ ಮುಗಿಯುತ್ತಿತ್ತು. ಗಂಟೆ ಬಾರಿಸುವವನು ಬಂದು ಬಾಗಿಲಲ್ಲಿ ನಿಂತರೆ ಅಧ್ಯಕ್ಷರೇ ಕೈಸನ್ನೆ ಮಾಡಿ ಅವನನ್ನು ಆಚೆ ಕಳಿಸಿದರು. ಕೊನೆಗೆ, “ಇವರು ಮಾತಾಡಲ್ಲ ಅಂದಿರಲ್ಲಮ್ಮ?” ಎಂದು ಅತ್ತೆಯನ್ನು ಕೇಳಿದರು.

ಪ್ರೊಫೆಸರು ಅನುವಾದದಲ್ಲಿ ಒಂದೇ ತಪ್ಪು ಕಂಡುಹಿಡಿದರು. ಅಭ್ಯರ್ಥಿ ಪ್ರತಿ ಉತ್ತರದಲ್ಲೂ ‘ಟೀಚರ್’ ಎಂದದ್ದನ್ನು ಅನುವಾದಕಿ ಬಿಟ್ಟುಬಿಟ್ಟಿದ್ದಾರೆ ಎಂದರು. ಅತ್ತೆಯ ಮುಖ ಕೆಂಪಾಯಿತು.

ಮಾವನಿಗೆ ಕೆಲಸ ಸಿಕ್ಕಿತು. ಅಂಗಡಿ ಯಜಮಾನರು ಕಣ್ಣು ತುಂಬಿಕೊಂಡು ಬೀಳ್ಕೊಟ್ಟರು. ಹೂಂ ಎನ್ನಲು ಹೊಸ ಹುಡುಗನೊಬ್ಬನನ್ನು ಇಟ್ಟುಕೊಂಡು ನೋಡಿದರು, ಆದರೆ ಅವನ ಹೂಂ ಗಿರಾಕಿಗಳಿಗೆ ಹಿಡಿಸಲಿಲ್ಲವಂತೆ.

ಕಚೇರಿಯ ಹಿಂದೆ ಹುಲ್ಲಿನ ಅಂಗಳ. ಅಲ್ಲಿ ಬಿಳಿ ಬಣ್ಣದ ಜಾಲಂದ್ರದ ಪೆಟ್ಟಿಗೆ, ಅದರೊಳಗೆ ಉಷ್ಣಮಾಪಕಗಳು, ಪಕ್ಕದಲ್ಲಿ ಮಳೆ ಅಳೆಯುವ ಪಾತ್ರೆ, ಕಂಬದ ತುದಿಯಲ್ಲಿ ಗಾಳಿಗೆ ತಿರುಗುವ ಬಟ್ಟಲುಗಳು. ಮಾವ ದಿನವೂ ಅಲ್ಲಿ ಓದಿ ಬರೆದುಕೊಂಡದ್ದನ್ನು ರಾಜಧಾನಿಗೆ ಕಳಿಸಬೇಕು. ಕಳಿಸುವ ವರದಿ ಮಾತ್ರ ಈಗಲೂ ರಾಷ್ಟ್ರಭಾಷೆಯಲ್ಲೇ. ಅವನು ಬರೆದದ್ದನ್ನು ಅತ್ತೆ ಕೆಂಪು ಶಾಯಿಯಲ್ಲಿ ತಿದ್ದುವರು. ಮನೆಯಲ್ಲಿ ಜಗಳವಾದ ದಿನ ಕೆಂಪು ಸ್ವಲ್ಪ ಹೆಚ್ಚಿರುತ್ತದೆ ಎಂದು ಕಚೇರಿಯವರ ಅಂಬೋಣ.

ಮರುವರ್ಷ ದೂರದ ಪ್ರಾಂತದಿಂದ ಒಬ್ಬ ತರುಣಿ ಅಲ್ಲಿಗೆ ಕೆಲಸಕ್ಕೆ ಬಂದಳು. ಅವಳೂ ಹೊಸ ಆದೇಶದ ಕೂಸು, ತನ್ನ ಭಾಷೆಯಲ್ಲಿ ಮೌಖಿಕ ಗೆದ್ದವಳು. ಅವಳ ಭಾಷೆ ನಮಗೆ ಬಾರದು, ನಮ್ಮದು ಅವಳಿಗೆ ಬಾರದು. ಮಾವನ ಹಾಗೆ ಅವಳಿಗೂ ಮಂಜೆಂದರೆ ಪ್ರಾಣ. ಬೇರೆ ದಾರಿ ಕಾಣದೆ ಒಂದು ಸಂಜೆ ಇಬ್ಬರೂ ರಾಷ್ಟ್ರಭಾಷೆಯಲ್ಲೇ ಮಾತಿಗಿಳಿದರು. ಅವಳ ಬಾಯಲ್ಲಿ ಮಳೆ ಬಂದನು, ಇವನ ಬಾಯಲ್ಲಿ ಮೋಡ ಹೋದಳು. ಹೇಳಿದ್ದೆಲ್ಲ ಇಬ್ಬರಿಗೂ ತಿಳಿಯುತ್ತಿತ್ತು. ಪಕ್ಕದ ಕೋಣೆಯಲ್ಲಿ ಎರಡನೇ ಸ್ಥಾನದ ಎಂ.ಎ. ಆದ ಅತ್ತೆ ತಲೆ ಹಿಡಿದುಕೊಂಡು ಕೂತಿದ್ದರು. ತಿದ್ದಲು ಎರಡು ಸಲ ಎದ್ದು, ಎರಡು ಸಲವೂ ಕೂತು, ಕೊನೆಗೆ ಚೀಲ ಹೆಗಲಿಗೇರಿಸಿ ಒಬ್ಬರೇ ಮನೆಗೆ ಬಂದರು.

ಮಾವ ಬರುವ ಹೊತ್ತಿಗೆ ಎಲ್ಲರ ಊಟ ಮುಗಿದಿತ್ತು. ಅಜ್ಜಿ ಅವನ ತಟ್ಟೆ ಮುಚ್ಚಿಟ್ಟು ಕಾಯುತ್ತಿದ್ದಳು.

“ಇಷ್ಟು ಹೊತ್ತು ಏನೋ ಮಾಡ್ತಿದ್ದೆ?”

“ಮಾತಾಡ್ತಾ ಕೂತುಬಿಟ್ಟೆ ಅಮ್ಮ. ಟೈಮ್ ಆಗಿದ್ದೇ ಗೊತ್ತಾಗ್ಲಿಲ್ಲ.”

ಅಜ್ಜಿ ಹತ್ತಿರ ಬಂದು, ಅಂಗೈ ಮಗುಚಿ ಅವನ ಹಣೆ ಮುಟ್ಟಿ ನೋಡಿದಳು. ಜ್ವರವಿರಲಿಲ್ಲ. ಆದರೂ ಒಂದು ಲೋಟ ಬಿಸಿನೀರು ಕುಡಿಸಿಯೇ ಊಟಕ್ಕೆ ಬಡಿಸಿದಳು.